ಅಮ್ಮೋರ ನುಣ್ಣನೆಯ ಕೋಳಿ ಸಾರು

ಕೊಟ್ಟಿಗೆಹಾರದಲ್ಲಿ ನಾವು ಹೋಟೆಲ್ ಇಟ್ಟಿದ್ದಾಗ ನನ್ನ ಈರುಳ್ಳಿ ಬಜೆಯನ್ನು ಯಾರಾದರೂ ಕಚ್ಚಿದರೆ ಪಕ್ಕದ ಮೇಜಿನವರು ತಿರುಗಿ ನೋಡುತ್ತಿದ್ದರು. ಅಷ್ಟು ಗರಿಗರಿ. ಘಾಟಿ ಇಳಿಯುವ ಮೊದಲು ಬಸ್ಸು ನಿಲ್ಲಿಸುತ್ತಿದ್ದ ಡ್ರೈವರುಗಳು ಅದನ್ನು ಕಾಗದದಲ್ಲಿ ಕಟ್ಟಿಸಿಕೊಂಡು ಹೋಗುತ್ತಿದ್ದರು. ಗಂಡನಿಗೆ ಮಂಡಿ ನೋವು ಬಂದು ಒಲೆಯ ಮುಂದೆ ನಿಲ್ಲುವುದು ಆಗದ ಮೇಲೆ ಹೋಟೆಲನ್ನು ಬೇರೆಯವರಿಗೆ ಬಿಟ್ಟುಕೊಟ್ಟೆವು. ನನಗೆ ಮಾತ್ರ ಮನೆಯಲ್ಲಿ ಇಬ್ಬರಿಗೆ ಅಡುಗೆ ಮಾಡಿಕೊಂಡು ಕೂರುವುದು ಹಿಡಿಸಲಿಲ್ಲ. ಇಬ್ಬರಿಗೆ ಅಂತ ಇಟ್ಟ ಅನ್ನ ಹತ್ತು ಜನಕ್ಕೆ ಆಗುತ್ತಿತ್ತು. ಹಾಗಾಗಿ ಮೂಡಿಗೆರೆ ರಸ್ತೆಯ ಒಂದು ಹಳೆಯ ಎಸ್ಟೇಟ್ ಬಂಗಲೆಯಲ್ಲಿ ನಡೆಯುವ ವೃದ್ಧರ ಮನೆಗೆ ಅಡುಗೆಯ ಉಸ್ತುವಾರಿಗೆ ಸೇರಿದೆ.

ಮೊದಲ ದಿನವೇ ಮ್ಯಾನೇಜರು ಊಟದ ಹಾಲಿನಲ್ಲಿ ಕಿಟಕಿ ಪಕ್ಕದ ಒಂದು ಮೇಜು ತೋರಿಸಿದರು.

"ಇಲ್ಲಿ ಕೂರೋರಿಗೆ ಎಲ್ಲ ನುಣ್ಣಗೆ ರುಬ್ಬಿ ಕೊಡ್ಬೇಕು. ಒಂದು ಅಗಳು ಸಿಕ್ಕಿದ್ರೂ ನೆತ್ತಿಗೆ ಹತ್ತತ್ತೆ."

ನೆತ್ತಿಗೆ ಹತ್ತುವುದು ಅಂದರೆ ನಮಗೆಲ್ಲ ಯಾರೋ ನೆನಸಿಕೊಂಡರು ಅಂತ ತಲೆ ತಟ್ಟಿ ಮುಗಿಸುವ ವಿಷಯ. ಈ ಮೇಜಿನವರಿಗೆ ಹಾಗಲ್ಲ. ಗಂಟಲು ಸರಿಯಾಗಿ ಮುಚ್ಚಿಕೊಳ್ಳದೆ ಊಟ ಶ್ವಾಸಕೋಶಕ್ಕೆ ಇಳಿದುಬಿಟ್ಟರೆ ಜ್ವರ, ಆಸ್ಪತ್ರೆ, ಅಲ್ಲಿಂದ ಮುಂದೆ ಏನು ಬೇಕಾದರೂ ಆಗಬಹುದು. ನನಗೆ ಅದು ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಹೆದರಿಕೆಯಾಯಿತು. ಹೆದರಿಕೆಯಲ್ಲಿ ಅನ್ನ, ಸಾರು, ಪಲ್ಯ, ಮಜ್ಜಿಗೆ ಎಲ್ಲವನ್ನೂ ಒಂದೇ ಜಾರಿಗೆ ಹಾಕಿ ಮಿಕ್ಸಿ ತಿರುಗಿಸಿದೆ. ನುಣ್ಣಗೇನೋ ಆಯಿತು. ಬಣ್ಣ ಮಾತ್ರ ಮಳೆಗಾಲದ ಹಳ್ಳದ ನೀರಿನ ಬಣ್ಣ.

ಆ ಮೇಜಿನಲ್ಲಿ ಕಾಯಂ ಕೂರುತ್ತಿದ್ದವರು ಮೂವರು. ಒಬ್ಬರು ಮಲ್ಲಂದೂರು ಕಡೆಯ ದೊಡ್ಡ ಕಾಫಿ ತೋಟದ ಹೆಂಗಸು. ಎಲ್ಲರೂ ಅವರನ್ನು ಅಮ್ಮೋರು ಅನ್ನುತ್ತಿದ್ದರು. ಕೈ ನಡುಗುವ ಕಾಯಿಲೆ ನಿಧಾನಕ್ಕೆ ಗಂಟಲಿಗೂ ಬಂದಿತ್ತು. ಇನ್ನೊಬ್ಬರು ಚಿಕ್ಕಮಗಳೂರು ಪೇಟೆಯಲ್ಲಿ ದಿನಸಿ ಅಂಗಡಿ ನಡೆಸಿದ್ದ ಸಾಹುಕಾರರು. ಹಣೆಯ ಮೇಲೆ ವಿಭೂತಿ, ಕುತ್ತಿಗೆಯಲ್ಲಿ ಲಿಂಗದ ಕರಡಿಗೆ, ಮಾತಿಗೆ ಮೊದಲು ಒಂದು ಕೆಮ್ಮು. ಗಂಟಲಿನ ಚಿಕಿತ್ಸೆಯಾದ ಮೇಲೆ ಅವರಿಗೆ ಗಟ್ಟಿ ಪದಾರ್ಥ ಇಳಿಯುತ್ತಿರಲಿಲ್ಲ. ಮೂರನೆಯವರು ಘಾಟಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಲಕ್ವ ಹೊಡೆದು ಬಲಗೈ, ಬಲಗಾಲು ಹೋಗಿತ್ತು, ಮಾತೂ ಹೋಗಿತ್ತು. ಉಳಿದದ್ದು ಎರಡೇ ಮಾತು. ಹೌದು ಅನ್ನುವುದಕ್ಕೆ "ರೈಟ್", ಬೇಡ ಅನ್ನುವುದಕ್ಕೆ "ಹೋಲ್ಡಾನ್".

ನಾನು ಆ ಮೊದಲ ದಿನದ ಬಟ್ಟಲುಗಳನ್ನು ಇಟ್ಟೆ. ಅಮ್ಮೋರು ಚಮಚದಲ್ಲಿ ಒಮ್ಮೆ ಕಲಕಿದರು.

"ಇದೆಂಥದು ಮಾರಾಯ್ತಿ, ಕಾಫಿ ಗಿಡದ ಬುಡಕ್ಕೆ ಹಾಕೋದಾ?"

"ಊಟ ಅಮ್ಮೋರೇ. ಅನ್ನ, ಹುಳಿ, ಬೀನ್ಸ್ ಪಲ್ಯ."

"ಯಾವುದು ಅನ್ನ? ಯಾವುದು ಪಲ್ಯ? ಬೆರಳಿಟ್ಟು ತೋರ್ಸು ನೋಡುವಾ."

ಸಾಹುಕಾರರು ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿಕೊಂಡರು. ಜಪ ಮಾಡುತ್ತಿದ್ದಾರೋ ಸಹಿಸಿಕೊಳ್ಳುತ್ತಿದ್ದಾರೋ ತಿಳಿಯಲಿಲ್ಲ. ಕಂಡಕ್ಟರು ಬಟ್ಟಲನ್ನು ಎಡಗೈಯಿಂದ ನನ್ನ ಕಡೆ ತಳ್ಳಿ, ಇಡೀ ಹಾಲಿಗೆ ಕೇಳುವ ಹಾಗೆ "ಹೋಲ್ಡಾನ್!" ಅಂದರು. ಅಷ್ಟು ವರ್ಷ ಹೋಟೆಲ್ ನಡೆಸಿದ ನನಗೆ ಎದುರಿಗೇ ತಟ್ಟೆ ವಾಪಸ್ಸು ಬಂದದ್ದು ಅದೇ ಮೊದಲು.

ಹೀಗೆಯೇ ಕೆಲವು ವಾರ ನಡೆಯಿತು. ಮೂವರೂ ಸೊರಗಿ ಇಳಿದು ಹೋದರು. ಆಗ ಮ್ಯಾನೇಜರು ಚಿಕ್ಕಮಗಳೂರಿನಿಂದ ನುಂಗುವ ತೊಂದರೆ ನೋಡುವ ಥೆರಪಿಸ್ಟನ್ನು ಕರೆಸಿದರು. ಸಣ್ಣ ವಯಸ್ಸಿನ ಹುಡುಗಿ. ಸ್ಕೂಟರಿನಲ್ಲಿ ಬಂದಳು. "ನಾನು ಡಾಕ್ಟರಲ್ಲ" ಅಂತ ಎಷ್ಟು ಸಲ ಹೇಳಿದರೂ ಎಲ್ಲರಿಗೂ ಡಾಕ್ಟ್ರಮ್ಮನೇ ಆದಳು. ಒಬ್ಬೊಬ್ಬರ ಗಂಟಲ ಮೇಲೂ ಬೆರಳಿಟ್ಟು ನುಂಗಿಸಿ ನೋಡಿದಳು. ನೆಟ್ಟಗೆ ಕೂರಬೇಕು, ಗದ್ದ ಸ್ವಲ್ಪ ಕೆಳಗೆ, ಸಣ್ಣ ಚಮಚ, ಒಂದು ತುತ್ತು ಪೂರ್ತಿ ಇಳಿದ ಮೇಲೇ ಇನ್ನೊಂದು, ಬಾಯಲ್ಲಿ ಊಟ ಇರುವಾಗ ಮಾತಿಲ್ಲ, ನಗುವಿಲ್ಲ. ಇದನ್ನೆಲ್ಲ ಹೇಳಿ ಕೊನೆಗೆ ನನ್ನ ಕಡೆ ತಿರುಗಿದಳು.

"ಆಂಟಿ, ಕಾಫಿ ನೀರಾಗಿ ಕೊಡ್ಲೇಬೇಡಿ ಇವರಿಗೆ. ಗಟ್ಟಿಯಾಗಿ ಕೊಡಿ."

ಅಮ್ಮೋರು ಕುರ್ಚಿಯಲ್ಲಿ ಒಂದು ಗೇಣು ಎತ್ತರವಾದರು.

"ಕೇಳ್ಸ್ಕೊಂಡ್ಯಾ ಹೋಟ್ಲಮ್ಮ? ಬಂದ ದಿನದಿಂದ ಬಾಯಿ ಬಡ್ಕೊಂಡೆ, ಈ ಮನೆ ಕಾಫಿ ನೀರು ಅಂತ. ಡಾಕ್ಟ್ರಮ್ಮನೇ ಹೇಳಿದ್ಲು ನೋಡು."

ನಾನೂ ಹಾಗೇ ತಿಳಿದುಕೊಂಡೆ. ಪುಡಿ ಎರಡರಷ್ಟು ಹಾಕಿ ಡಿಕಾಕ್ಷನ್ ಇಳಿಸಿ, ಹಾಲು ಕಡಿಮೆ ಮಾಡಿ, ಘಮ್ಮನ್ನುವ ಕಾಫಿ ತಂದೆ. ಅಮ್ಮೋರು ಕೈ ಚಾಚುವಷ್ಟರಲ್ಲಿ ಥೆರಪಿಸ್ಟ್ ತನ್ನ ಚೀಲದಿಂದ ಒಂದು ಬಿಳಿ ಪುಡಿ ತೆಗೆದು ಅದರೊಳಗೆ ಹಾಕಿ ಗರಗರ ಕಲಕಿದಳು. ಕಣ್ಣೆದುರಿಗೇ ಕಾಫಿ ಜೇನಿನ ಹಾಗೆ ಮಂದವಾಯಿತು. ಚಮಚ ಎತ್ತಿದರೆ ನೂಲು ಹಿಡಿದು ಇಳಿಯಿತು.

ಅಮ್ಮೋರು ಬಹಳ ಹೊತ್ತು ಲೋಟದೊಳಗೆ ನೋಡಿದರು. ಮೂರು ತಲೆಮಾರು ಕಾಫಿ ಬೆಳೆದ ಮನೆಯವರು.

"ಇದನ್ನ ಕುಡಿಯೋದಾ, ಗೋಡೆಗೆ ಬಳಿಯೋದಾ?"

"ಒಂದು ಚಮಚ ನೋಡಿ ಅಜ್ಜಿ. ಕೆಮ್ಮು ಬರಲ್ಲ."

ಅವರು ನೋಡಿದರು. ಕೆಮ್ಮು ಬರಲಿಲ್ಲ. ಇನ್ನೊಂದು ಚಮಚ ತೆಗೆದುಕೊಂಡರು. "ವಾಸನೆ ಕಾಫೀದೇ. ಅದೊಂದು ಪುಣ್ಯ" ಅಂದರು.

ಹೊರಡುವ ಮೊದಲು ಆ ಹುಡುಗಿ ಅಡುಗೆಮನೆಗೆ ಬಂದಳು. "ಆಂಟಿ, ವಾರಕ್ಕೊಂದು ದಿನ ಇವರ ಕೈಲೇ ಅಡುಗೆ ಮಾಡ್ಸಿ."

ನನಗೆ ನಗು ಬಂತು. "ಯಾರ ಕೈಲಿ? ಒಬ್ಬರ ಕೈ ನಡುಗುತ್ತೆ, ಒಬ್ಬರಿಗೆ ಒಂದೇ ಕೈ. ಸಾಹುಕಾರ್ರು ಒಲೆ ಮುಂದೆ ನಿಂತದ್ದು ನೋಡಿದವರೇ ಇಲ್ಲ."

"ಬಿಸಿ ಕೆಲಸ ನೀವು ಮಾಡಿ. ಕಲಸೋದು, ಮೂಸಿ ನೋಡೋದು, ರುಚಿ ಹೇಳೋದು ಅವರು ಮಾಡ್ಲಿ. ಒಗ್ಗರಣೆ ವಾಸನೆ ಬಂದ್ರೆ ಬಾಯಲ್ಲಿ ನೀರು ಬರುತ್ತಲ್ಲ, ಆಮೇಲೆ ನುಂಗೋದೂ ಸುಲಭ. ನಿಮ್ಮ ಆ ಬಟ್ಟಲು ನೋಡಿ ನಂಗೇ ಗಂಟಲು ಕಟ್ತು."

ಮಾತು ಕಹಿಯಾಗಿತ್ತು. ಸುಳ್ಳಾಗಿರಲಿಲ್ಲ.

ಮುಂದಿನ ಬುಧವಾರ ಮೂವರನ್ನೂ ಅಡುಗೆಮನೆಯ ದೊಡ್ಡ ಮೇಜಿನ ಸುತ್ತ ಕೂರಿಸಿದೆ. ಸಿಹಿಗುಂಬಳದ ಪಲ್ಯ, ತೊಗರಿಬೇಳೆ ತೊವ್ವೆ, ಮೆತ್ತಗಿನ ಅನ್ನ, ಒಂದೊಂದೂ ಬೇರೆ ಬೇರೆ ರುಬ್ಬುವುದು ಅಂತ ತೀರ್ಮಾನ. ಸಾಹುಕಾರರು ಬೇಳೆಯನ್ನು ತಟ್ಟೆಯಲ್ಲಿ ಹರಡಿ ಕನ್ನಡಕ ಏರಿಸಿದರು. ಆರಿಸಿಯೇ ಆರಿಸಿದರು. ಕೊನೆಗೆ ತಟ್ಟೆಯನ್ನು ನನ್ನ ಕಡೆ ಜಾರಿಸಿ, "ಎರಡನೇ ದರ್ಜೆ ಮಾಲು. ನಿಮಗೆ ಟೋಪಿ ಹಾಕಿದಾರೆ" ಅಂದರು. ಅಮ್ಮೋರು ಊರುಗೋಲನ್ನು ಮೇಜಿಗೆ ಆನಿಸಿಟ್ಟು, ತೋಟದಲ್ಲಿ ಮೇಸ್ತ್ರಿಗೆ ಹೇಳುವ ದನಿಯಲ್ಲಿ ನನಗೆ ಹೇಳತೊಡಗಿದರು. ಕುಂಬಳ ಇನ್ನೂ ಬೇಯಲಿ. ಬೆಲ್ಲ ಬೀಳಲಿ. ಸಾಸಿವೆ ಯಾಕೆ ಸಿಡಿಯಲಿಲ್ಲ? ಸಾಸಿವೆ ಹಾಕಿದರೆ ಗಂಟಲಿಗೆ ಸಿಕ್ಕುತ್ತದೆ ಅಮ್ಮೋರೇ, ಎಣ್ಣೆಗೆ ಘಮ ಬಿಡಿಸಿ ಸೋಸಿ ಹಾಕುತ್ತೇನೆ ಅಂದೆ. "ಹಾಗಾದ್ರೆ ಸರಿ" ಅಂತ ಒಪ್ಪಿಗೆ ಕೊಟ್ಟರು.

ಮಿಕ್ಸಿಯ ಕೆಲಸ ಕಂಡಕ್ಟರಿಗೆ ಬಂತು. ಜಾರು ಕೂರಿಸಿ, ಮುಚ್ಚಳದ ಮೇಲೆ ನಾನು ಕೈಯಿಟ್ಟುಕೊಂಡೆ. ಅವರು ಎಡಗೈಯನ್ನು ತಿರುಪಿನ ಮೇಲಿಟ್ಟು, ಎಲ್ಲರೂ ಹತ್ತಿದ್ದಾರೋ ಇಲ್ಲವೋ ನೋಡುವವರ ಹಾಗೆ ಸುತ್ತ ಕಣ್ಣಾಡಿಸಿದರು.

"ರೈಟ್!"

ಮಿಕ್ಸಿ ಹೊರಟಿತು. ಅವರು ತಲೆ ಓರೆ ಮಾಡಿ ಸದ್ದು ಕೇಳುತ್ತಿದ್ದರು. ಗರಗರ ಅನ್ನುತ್ತಿದ್ದದ್ದು ಸುಂಯ್ ಅನ್ನುವುದಕ್ಕೆ ತಿರುಗುತ್ತಲೇ "ಹೋಲ್ಡಾನ್!" ಅಂತ ನಿಲ್ಲಿಸಿದರು. ಥೆರಪಿಸ್ಟ್ ಹೇಳಿಕೊಟ್ಟಿದ್ದ ಹಾಗೆ ಚಮಚದಲ್ಲಿ ತೆಗೆದು ನೋಡಿದೆ. ಗುಡ್ಡದ ಹಾಗೆ ನಿಂತಿತು. ಓರೆ ಮಾಡಿದರೆ ಅಂಟದೆ ಒಂದೇ ಮುದ್ದೆಯಾಗಿ ಜಾರಿತು. ಇರಲಿ ಅಂತ ಇನ್ನೊಂದು ಸುತ್ತು ತಿರುಗಿಸಹೋದೆ. ಅವರು ನನ್ನ ಕೈಗೆ ಪಟ್ಟನೆ ಒಂದು ಏಟು ಕೊಟ್ಟು "ಹೋಲ್ಡಾನ್, ಹೋಲ್ಡಾನ್!" ಅಂತ ಗದರಿದರು. ಅಮ್ಮೋರು ಗೊಳ್ಳನೆ ನಕ್ಕರು. ಆ ಮನೆಯಲ್ಲಿ ಅವರು ನಕ್ಕದ್ದನ್ನು ನಾನು ಅಂದೇ ಮೊದಲು ನೋಡಿದ್ದು.

ಅವತ್ತು ತಟ್ಟೆಯಲ್ಲಿ ಬಿಳಿ, ಹಳದಿ, ಕೇಸರಿ ಮೂರು ಗುಡ್ಡೆ. ಮೂವರೂ ಮುಗಿಸಿದರು. ಮುಗಿಸಿದ ಮೇಲೆ ಸಾಹುಕಾರರು ತಮ್ಮ ಎಂದಿನ ಕೆಮ್ಮು ಕೆಮ್ಮಿ, "ನಮ್ಮ ಅಂಗಡೀಲಿ ಸಂಕ್ರಾಂತಿಗೆ ಸಕ್ಕರೆ ಅಚ್ಚು ಹಾಕ್ತಿದ್ವಿ. ಮರದ ಅಚ್ಚು ಇನ್ನೂ ಅಟ್ಟದ ಮೇಲಿರ್ಬೇಕು" ಅಂದರು. ಎಲ್ಲಿಗೋ ಹೊರಟ ಮಾತು ಅಂದುಕೊಂಡೆ. ಮುಂದಿನ ಭಾನುವಾರ ಅವರ ಸೊಸೆ ನೋಡಲು ಬಂದಾಗ ಒಂದು ಬಟ್ಟೆ ಚೀಲ ತಂದುಕೊಟ್ಟಳು. ಒಳಗೆ ಗಿಳಿ, ಆನೆ, ಗೋಪುರ, ತುಳಸಿಕಟ್ಟೆ.

ಅಚ್ಚುಗಳನ್ನು ಚೆನ್ನಾಗಿ ಉಜ್ಜಿ, ಕುದಿಯುವ ನೀರಿನಲ್ಲಿ ಹಾಕಿ ತೆಗೆದು, ಒಣಗಿಸಿ, ತುಪ್ಪ ಸವರಿ ಬೀನ್ಸ್ ಪಲ್ಯ ತುಂಬಿದೆವು. ಮೊದಲ ಗಿಳಿಗೆ ತಲೆಯೇ ಬರಲಿಲ್ಲ. ಎರಡನೆಯದಕ್ಕೆ ಕೊಕ್ಕು ಅಚ್ಚಿನಲ್ಲೇ ಉಳಿಯಿತು. ಸ್ವಲ್ಪ ಆ ಬಿಳಿ ಪುಡಿ ಸೇರಿಸಿ, ಆರಲು ಬಿಟ್ಟು, ಸಾಹುಕಾರರೇ ಅಚ್ಚಿನ ಬೆನ್ನಿಗೆ ಹೆಬ್ಬೆರಳಿನಿಂದ ಹದವಾಗಿ ತಟ್ಟಿ ಬಿಡಿಸಿದಾಗ ಹಸಿರು ಗಿಳಿ ಇಡಿಯಾಗಿ ತಟ್ಟೆಗೆ ಬಂತು. ಬೀನ್ಸಿಗೆ ಗಿಳಿಯ ಬಣ್ಣವೇ ಇದ್ದದ್ದು ಅವತ್ತೇ ನನ್ನ ಗಮನಕ್ಕೆ ಬಂದದ್ದು. ಸಾಹುಕಾರರು ತಮ್ಮ ಕುಂಬಳಕಾಯಿ ಗೋಪುರವನ್ನು ಬುಡದಿಂದ ತಿನ್ನುತ್ತಾ ಹೋದರು. ಕಳಸ ಕೊನೆಗೆ.

"ಒಂದು ಮಾತು ಹೋಟ್ಲಮ್ಮ" ಅಂದರು ಬಾಯಿ ಒರೆಸಿಕೊಂಡು. "ಈ ಅಚ್ಚಿಗೆ ಮೊಟ್ಟೆ ಮಾಂಸ ಸೋಕಬಾರದು. ನಮ್ಮಪ್ಪನ ಕಾಲದ್ದು."

"ಖಂಡಿತ" ಅಂದೆ.

ಅಮ್ಮೋರ ಮುಖ ಗಂಟಾಯಿತು. "ಹಾಗಾದ್ರೆ ನಂಗೆ ಕೋಳಿ ಯಾವಾಗ? ನಾನೇನು ಮಠಕ್ಕೆ ಸೇರಿದೀನಾ?"

ಅದೂ ನ್ಯಾಯವೇ. ಥೆರಪಿಸ್ಟನ್ನು ಕೇಳಿದೆ. ಚೆನ್ನಾಗಿ ಬೇಯಿಸಿ, ಮೂಳೆ ಚರ್ಮ ತೆಗೆದು, ಸಾರು ಬಿಟ್ಟುಕೊಂಡು ನುಣ್ಣಗೆ ರುಬ್ಬಿ ಜರಡಿ ಹಿಡಿದರೆ ಆಗಬಹುದು ಅಂದಳು. ಕೋಳಿಗೆ ಬೇರೆ ಜಾರು ತಂದು ಹಿಡಿಗೆ ಕೆಂಪು ದಾರ ಕಟ್ಟಿದೆ. ಅಚ್ಚು ಹುಡುಕಿಕೊಂಡು ಮೂಡಿಗೆರೆಗೆ ಹೋದೆ. ಕೇಕಿನ ಸಾಮಾನು ಮಾರುವ ಅಂಗಡಿಯಲ್ಲಿ ರಬ್ಬರಿನಂಥ ಮೆತ್ತಗಿನ ಅಚ್ಚು ಇತ್ತು. ಆದರೆ ಒಂದೇ ಆಕಾರ. ಹೃದಯ. "ಚಾಕಲೇಟ್ ಮಾಡೋಕೆ ತರ್ಸಿದ್ದು, ಇದೊಂದೇ ಉಳಿದಿದೆ" ಅಂದ ಅಂಗಡಿಯವನು. ಹೃದಯವಾದರೂ ಕೋಳಿ ಕೋಳಿಯೇ ಅಂತ ತಂದೆ.

ಮುಂದಿನ ಬುಧವಾರ ಕಂದು ಬಣ್ಣದ ನಾಲ್ಕು ಹೃದಯ ತಯಾರಾದವು. ಅಮ್ಮೋರಿಗೆ ತೃಪ್ತಿಯಾಯಿತು. ಆ ತೃಪ್ತಿಯಲ್ಲಿ, ನಡುಗುವ ಕೈಯಿಂದಲೇ ಒಂದನ್ನು ಚಮಚದಲ್ಲೆತ್ತಿ ಎದುರಿಗೆ ಕೂತಿದ್ದ ಕಂಡಕ್ಟರ ತಟ್ಟೆಗೆ ಇಳಿಸಿದರು. "ನೀವೂ ತಿನ್ನೋರಲ್ವಾ. ತಗೊಳ್ಳಿ."

ಸಾಹುಕಾರರು ತಮ್ಮ ತುಳಸಿಕಟ್ಟೆಯಿಂದ ತಲೆಯೆತ್ತಿದರು. "ಅಮ್ಮೋರು ಹೃದಯಾನೇ ಕೊಟ್ಬಿಟ್ರಲ್ಲ!"

ಕಂಡಕ್ಟರು ಕಿವಿಯವರೆಗೆ ಕೆಂಪಾಗಿ "ಹೋಲ್ಡಾನ್, ಹೋಲ್ಡಾನ್" ಅಂದರು.

"ಥೂ, ಕೋಳಿ ಕಣ್ರೀ ಅದು!" ಅಂತ ಅಮ್ಮೋರು ಊರುಗೋಲು ಎತ್ತಿದರು. ಪಕ್ಕದ ಮೇಜುಗಳವರೂ ನಗಲು ಶುರು ಮಾಡಿದರು. ಬಾಯಲ್ಲಿ ಊಟವಿಟ್ಟುಕೊಂಡು ನಗಬಾರದು ಅನ್ನುವುದು ನೆನಪಾಗಿ ನಾನು ಓಡಾಡಿ ಮೂವರ ಚಮಚವನ್ನೂ ಕಿತ್ತುಕೊಂಡೆ. ನಗು ಪೂರ್ತಿ ಇಳಿದ ಮೇಲೆ ವಾಪಸ್ಸು ಕೊಟ್ಟೆ. ಅಷ್ಟರಲ್ಲಿ ಹೃದಯಗಳು ತಣ್ಣಗಾಗಿದ್ದವು. ಆದರೂ ಒಂದೂ ಉಳಿಯಲಿಲ್ಲ. ಹೋಲ್ಡಾನ್ ಅಂದವರೂ ತಮ್ಮ ಪಾಲಿನದನ್ನು ತಿಂದರು.

ಈ ಸುದ್ದಿ ಹೇಗೋ ಅಮ್ಮೋರ ನಾದಿನಿಗೆ ಮುಟ್ಟಿತು. ಗಂಡನ ತಂಗಿ, ಅತ್ತಿಗುಂಡಿ ಕಡೆ ಕೊಟ್ಟ ಹೆಣ್ಣು. ಅವರ ಕೈಯ ಕಡುಬು ಮತ್ತು ಕೋಳಿ ಸಾರು ಎರಡು ತಾಲ್ಲೂಕಿನ ನೆಂಟರಲ್ಲಿ ಹೆಸರುವಾಸಿ. ಅಮ್ಮೋರು ಮದುವೆಯಾಗಿ ಬಂದಾಗ ಆ ಮನೆಯಲ್ಲಿ ಅಡುಗೆಗೆ ಜನ ಇದ್ದರು. ತೋಟದ ವ್ಯವಹಾರ ನೋಡುವುದು ಅಮ್ಮೋರಿಗೆ ಬಂತು, ಅಡುಗೆ ಬರಲಿಲ್ಲ. ಅದನ್ನು ನಾದಿನಿ ಪ್ರತಿ ಮದುವೆ ಮುಂಜಿಯಲ್ಲೂ ನಾಲ್ಕು ಜನರ ಎದುರಿಗೆ ಹೇಳುತ್ತಿದ್ದರಂತೆ. ಈಗ ಫೋನು ಮಾಡಿ, "ಅತ್ತಿಗೆ, ನೀವು ಅಡುಗೆ ಮಾಡ್ತೀರಂತೆ! ನಾನು ಬಂದು ಕಣ್ಣಾರೆ ನೋಡ್ಬೇಕು" ಅಂದರು.

ಅಮ್ಮೋರು ಫೋನು ಇಟ್ಟು ನನ್ನನ್ನು ಕರೆದರು. "ಬುಧವಾರ ಬರ್ತಾಳೆ. ನಾನೇ ಅಡುಗೆ ಮಾಡಿ ಬಡಿಸ್ತೀನಿ. ಕೋಳಿ ಸಾರು, ಕಡುಬು. ಇದೇ ಮೇಜಲ್ಲಿ, ನಮ್ಮದೇ ಊಟ."

"ಕಡುಬು ಅಂಟುತ್ತೆ ಅಮ್ಮೋರೇ, ನಿಮಗೆ ಕೊಡಂಗಿಲ್ಲ."

"ಅನ್ನಾನೇ ಸಾರಲ್ಲಿ ನುಣ್ಣಗೆ ರುಬ್ಬಿ ಬೆಣ್ಣೆ ಹಾಕಿ ಉಂಡೆ ಕಟ್ಟು. ನಾನು ಅದನ್ನ ಕಡುಬು ಅಂತೀನಿ. ಅಲ್ಲ ಅನ್ನೋರು ಯಾರು?"

ಆ ಬುಧವಾರ ಬೆಳಿಗ್ಗೆಯಿಂದ ಅಮ್ಮೋರು ಅಡುಗೆಮನೆ ಬಿಟ್ಟು ಕದಲಲಿಲ್ಲ. ಕೊತ್ತಂಬರಿ, ಮೆಣಸು, ಚಕ್ಕೆ ಹುರಿಯುವಾಗ ಪ್ರತಿಯೊಂದನ್ನೂ ಮೂಗಿನ ಹತ್ತಿರ ಹಿಡಿಸಿಕೊಂಡು "ಇನ್ನೂ", "ಸಾಕು" ಅಂದರು. ಕೋಳಿ ಬೆಂದು ಎಲುಬಿನಿಂದ ತಾನೇ ಬಿಟ್ಟುಕೊಂಡಿತು. ಥೆರಪಿಸ್ಟೂ ಬಂದಿದ್ದಳು. ಪಲ್ಯ, ಅನ್ನ ಮೊದಲೇ ರುಬ್ಬಿಟ್ಟಾಗಿತ್ತು. ತಣ್ಣಗಾದ ಕೋಳಿಯನ್ನು ಕೆಂಪು ದಾರದ ಜಾರಿಗೆ ತುಂಬಿದೆವು. ಕಂಡಕ್ಟರು ಸುತ್ತ ನೋಡಿ "ರೈಟ್!" ಅಂದರು. ಮಿಕ್ಸಿ ಒಂದು ಸುತ್ತು ತಿರುಗಿ ನಿಂತಿತು.

ಕರೆಂಟು ಹೋಗಿತ್ತು. ಯುಪಿಎಸ್‌ನಲ್ಲಿ ದೀಪ, ಫ್ಯಾನು ಮಾತ್ರ ಓಡುತ್ತಿದ್ದವು. ಜನರೇಟರ್ ರಿಪೇರಿಗೆ ಹೋಗಿತ್ತು. ಅದೇ ಹೊತ್ತಿಗೆ ಅಂಗಳದಲ್ಲಿ ಜೀಪು ನಿಂತ ಸದ್ದಾಯಿತು. ರೇಷ್ಮೆ ಸೀರೆಯುಟ್ಟ, ಗಟ್ಟಿಮುಟ್ಟಾದ ಹೆಂಗಸು ಒಳಗೆ ಬಂದರು. ಮಿಕ್ಸಿಯ ಸುತ್ತ ಸುಮ್ಮನೆ ನಿಂತಿದ್ದ ನಮ್ಮನ್ನೆಲ್ಲ ನೋಡಿದರು.

"ಏನತ್ತಿಗೆ, ಅಡುಗೆ ಆಯ್ತಾ?"

ಅಮ್ಮೋರ ಮುಖ ನೋಡಿ ನನಗೆ ಕನಿಕರವಾಯಿತು. ಆದರೆ ಅವರು ಸೋಲುವ ಪೈಕಿ ಅಲ್ಲ. "ಹೋಟ್ಲಮ್ಮ, ಹಿಂದೆ ರುಬ್ಬೋ ಕಲ್ಲು ಇದೆಯಲ್ಲ?" ಅಂದರು.

ಇತ್ತು. ಮನೆಯ ಬೆಕ್ಕು ಬಿಸಿಲು ಕಾಯುವುದು ಅದರ ಮೇಲೆಯೇ. ಬೆಕ್ಕನ್ನು ಓಡಿಸಿ, ಕಲ್ಲನ್ನು ತಿಕ್ಕಿ ಬಿಸಿನೀರು ಹೊಯ್ದು ತೊಳೆದೆ. ಆದರೆ ರುಬ್ಬುವವರು ಯಾರು? ಹಾಲಿನಲ್ಲಿ ಉಳಿದವರಿಗೆಲ್ಲ ನಾನು ಊಟ ಬಡಿಸಬೇಕಿತ್ತು. ಅಮ್ಮೋರು ನಾದಿನಿಯ ಕಡೆ ತಿರುಗಿದರು.

"ನಿನ್ನ ಕೈ ಖಾಲಿ ಇದೆಯಲ್ಲ. ಕೂತ್ಕೋ."

"ನಾನು ಊಟಕ್ಕೆ ಬಂದೋಳು ಅತ್ತಿಗೆ!"

"ಅದಕ್ಕೇ ಹೇಳಿದ್ದು. ರುಬ್ಬಿದ್ರೆ ಊಟ."

ನಾದಿನಿ ಒಮ್ಮೆ ಸೀರೆ ನೋಡಿಕೊಂಡರು, ಒಮ್ಮೆ ಕಲ್ಲು ನೋಡಿದರು. ಕೊನೆಗೆ ಸೆರಗು ಬಿಗಿದು ಮಣೆ ಎಳೆದುಕೊಂಡು ಕೂತೇಬಿಟ್ಟರು. ಕಂಡಕ್ಟರು ವೀಲ್‌ಚೇರಿನಲ್ಲಿ ಪಕ್ಕಕ್ಕೆ ಬಂದು ನಿಂತು "ರೈಟ್!" ಅಂದರು.

"ಇವರ್ಯಾರು ನಂಗೆ ರೈಟ್ ಹೇಳೋಕೆ?"

"ಅವರು ಹೇಳದೆ ಇಲ್ಲಿ ಏನೂ ಹೊರಡಲ್ಲ, ರುಬ್ಬು" ಅಂದರು ಅಮ್ಮೋರು.

ಸಾಹುಕಾರರು ಮಾಂಸದ ಕಡೆ ಬೆನ್ನು ಹಾಕಿ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡಿದ್ದರು. ಎದ್ದು ಹೋಗಲು ಮಾತ್ರ ಮನಸ್ಸಿಲ್ಲ. ಹಾಲಿಗೂ ಹಿತ್ತಿಲಿಗೂ ಓಡಾಡುವ ನನಗೆ ಅವರ ಮಾತು ಕೇಳುತ್ತಿತ್ತು. "ಸ್ವಲ್ಪ ಸ್ವಲ್ಪ ಸಾರು ಚಿಮುಕಿಸ್ಕೊಂಡು ರುಬ್ಬಿದ್ರೆ ಬೇಗ ನುಣ್ಣಗಾಗುತ್ತೆ. ನಾನು ಕೋಳಿಗೆ ಹೇಳ್ಲಿಲ್ಲ. ಬೇಳೆಗೆ ಹಂಗೆ ಮಾಡ್ತಾರೆ ಅಂತ ಹೇಳ್ದೆ."

ಥೆರಪಿಸ್ಟ್ ಜರಡಿ ಹಿಡಿದು, ಬೆರಳಲ್ಲಿ ಉಜ್ಜಿ ನೋಡಿ, "ನಾರು ಸಿಕ್ತಿದೆ ಅಮ್ಮ. ಇನ್ನೊಂದ್ಸಲ" ಅಂದಳು.

"ನಾರಿಲ್ಲದ ಕೋಳಿ ಯಾವೂರಲ್ಲಿದೆ ಮಾರಾಯ್ತಿ?" ಅಂತ ನಾದಿನಿ ಹಣೆಯ ಬೆವರು ಒರೆಸಿಕೊಂಡರು. ಆದರೂ ರುಬ್ಬಿದರು. ಕಂಡಕ್ಟರು ಹೋಲ್ಡಾನ್ ಅನ್ನುವವರೆಗೆ ರುಬ್ಬಿದರು. ಈ ಸಲ ಜರಡಿಯಲ್ಲಿ ಏನೂ ಉಳಿಯಲಿಲ್ಲ.

ಊಟಕ್ಕೆ ಕೂತಾಗ ನಾದಿನಿಯ ತಟ್ಟೆಯಲ್ಲೂ ಎರಡು ಹೃದಯ, ಬೆಣ್ಣೆ ಹಚ್ಚಿದ ಒಂದು ಉಂಡೆ ಕಡುಬು, ಒಂದು ಹಸಿರು ಗಿಳಿ, ಲೋಟದಲ್ಲಿ ಮಂದವಾದ ಮಜ್ಜಿಗೆ. ಅವರು ಒಂದು ಚಮಚ ಕೋಳಿ ಬಾಯಿಗಿಟ್ಟರು. ನಾವೆಲ್ಲ ಅವರನ್ನೇ ನೋಡುತ್ತಿದ್ದೆವು. ಅವರು ಇನ್ನೊಂದು ಚಮಚ ತೆಗೆದುಕೊಂಡರು. ಮತ್ತೊಂದು. ಕೊನೆಗೆ, "ಮೆಣಸು ಒಂಚೂರು ಮುಂದು" ಅಂದರು.

"ಮುಂದಾದ್ರೆ ಬಿಡು" ಅಂದರು ಅಮ್ಮೋರು.

"ಬಿಡ್ತೀನಿ ಅಂದ್ನಾ?"

ತಟ್ಟೆ ಖಾಲಿಯಾಯಿತು. ಮಜ್ಜಿಗೆ ಕುಡಿದು ಅವರು ಲೋಟವನ್ನು ಮೇಜಿನ ಮೇಲಿಡದೆ ಕೈಯಲ್ಲೇ ಹಿಡಿದುಕೊಂಡು ಒಳಗೆ ನೋಡುತ್ತಾ ಕೂತರು. ರುಚಿ ಹಿಡಿಸಲಿಲ್ಲವೇನೋ ಅಂದುಕೊಂಡೆ.

ಹೊರಡುವಾಗ ಅವರು ನನ್ನನ್ನು ವರಾಂಡಕ್ಕೆ ಕರೆದರು. ದನಿ ತಗ್ಗಿಸಿ ಕೇಳಿದರು.

"ಆ ಮಜ್ಜಿಗೆಗೆ ಏನು ಹಾಕಿದ್ರಿ?"

ಪುಡಿಯ ವಿಷಯ ಹೇಳಿದೆ. ಅವರು ಅಂಗಳದ ಕಡೆ ನೋಡುತ್ತಾ ಹೇಳಿದರು.

"ನಂಗೆ ನೀರು ಕುಡಿದ್ರೆ ಕೆಮ್ಮು ಬರ್ತದೆ. ಸುಮಾರು ದಿನ ಆಯ್ತು. ಯಾರಿಗೂ ಹೇಳ್ಲಿಲ್ಲ. ಮದುವೆ ಮನೇಲಿ ಎಲೆ ಮುಂದೆ ಕೂತು ಕೆಮ್ಮೋದು ನಾಚಿಕೆ. ಅದಕ್ಕೇ ಬಡಿಸೋ ನೆಪದಲ್ಲಿ ನಿಂತೇ ಇರ್ತೀನಿ. ಇವತ್ತು ಬಂತಾ ಕೆಮ್ಮು? ಬರ್ಲಿಲ್ಲ."

ಕೋಳಿ ಸಾರಿಗೆ ಹೆಸರಾದ ಹೆಂಗಸು ಪಂಕ್ತಿಯಲ್ಲಿ ಕೂರದೆ ಎಷ್ಟು ಮದುವೆಗಳಿಂದ ಹಸಿದು ಮನೆಗೆ ಹೋದರೋ. ನಾನು ಗೇಟಿನ ಹತ್ತಿರ ಸ್ಕೂಟರ್ ತಿರುಗಿಸುತ್ತಿದ್ದ ಥೆರಪಿಸ್ಟನ್ನು ಕೂಗಿ ಕರೆದೆ. ಅವಳು ಹೆಲ್ಮೆಟ್ಟನ್ನು ಬೆಂಚಿನ ಮೇಲಿಟ್ಟು, ಗಂಟಲ ಮೇಲೆ ಬೆರಳಿಟ್ಟು ನುಂಗಿಸಿದಳು, ಹತ್ತಾರು ಪ್ರಶ್ನೆ ಕೇಳಿದಳು. ಹೆದರಬೇಡಿ, ಆದರೆ ಆಸ್ಪತ್ರೆಯಲ್ಲಿ ಸರಿಯಾಗಿ ಪರೀಕ್ಷೆ ಮಾಡಿಸಲೇಬೇಕು, ಮುಂದೂಡಬೇಡಿ ಅಂದಳು.

ಅಮ್ಮೋರು ಯಾವಾಗ ಬಾಗಿಲಿಗೆ ಬಂದಿದ್ದರೋ, ಎಲ್ಲ ಕೇಳಿಸಿಕೊಂಡಿದ್ದರು. ಈಗ ಒಂದು ಚುಚ್ಚು ಮಾತು ಬರುತ್ತದೆ ಅಂತ ನಾನು ಕಾದೆ.

"ನಾನಿಲ್ಲಿಗೆ ಸೇರೋಕ್ಕೆ ಮುಂಚೆ ಆ ಗೃಹಪ್ರವೇಶದಲ್ಲಿ ಪಕ್ಕಕ್ಕೆ ಕರೆದ್ರೂ ನೀನು ಊಟಕ್ಕೆ ಕೂರ್ಲಿಲ್ಲ. ಇದಕ್ಕೇನಾ? ನಾನು ಕೊಬ್ಬು ಅಂದ್ಕೊಂಡಿದ್ದೆ."

"ಕೊಬ್ಬೂ ಇತ್ತು ಅತ್ತಿಗೆ."

ಇಬ್ಬರೂ ನಕ್ಕರು. ಆಮೇಲೆ ನಾದಿನಿ ಕಣ್ಣು ಒರೆಸಿಕೊಂಡರು. ಅಮ್ಮೋರು ಅವರ ತೋಳು ಹಿಡಿದು ಬೆಂಚಿನ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು, "ನಾಳೆನೇ ಹೋಗು. ನಿನ್ನ ಗಂಡ ಕಾಫಿ ಕುಯ್ಲು ಅಂದ್ರೆ ನಂಗೆ ಫೋನು ಕೊಡು" ಅಂದರು.

ಮಂಗಳೂರಿನಲ್ಲಿ ಪರೀಕ್ಷೆಯಾಯಿತು. ದೊಡ್ಡ ಕಾಯಿಲೆಯೇನೂ ಇರಲಿಲ್ಲ. ಗಂಟಲಿನ ಸ್ನಾಯು ದುರ್ಬಲವಾಗಿತ್ತು, ವ್ಯಾಯಾಮ ಹೇಳಿಕೊಟ್ಟರು. ಒಂದಷ್ಟು ಕಾಲ ಎಲ್ಲವನ್ನೂ ಮಂದವಾಗಿ ಕುಡಿಯಬೇಕು ಅಂದರು. ಅಂದಿನಿಂದ ನಾದಿನಿ ಬುಧವಾರ ತಪ್ಪಿಸುವುದಿಲ್ಲ. ಕಿಟಕಿ ಪಕ್ಕದ ಮೇಜಿಗೆ ನಾಲ್ಕನೆಯ ಕುರ್ಚಿ ಹಾಕಿದೆವು. ಅಲ್ಲಿ ಕೂತು ಅವರು ಥೆರಪಿಸ್ಟ್ ಹೇಳಿದ ಹಾಗೆ ನಾಲಿಗೆ ಚಾಚುವುದು, ಗಂಟಲು ಬಿಗಿ ಹಿಡಿಯುವುದು ಮಾಡುತ್ತಾರೆ. ಎದುರಿಗೆ ಕೂತ ಅಮ್ಮೋರೂ ಮಾಡುತ್ತಾರೆ. ಹೊಸಬರು ಯಾರಾದರೂ ನೋಡಿದರೆ ಇಬ್ಬರು ಹಿರಿಯ ಹೆಂಗಸರು ಪರಸ್ಪರ ಅಣಕಿಸಿಕೊಳ್ಳುತ್ತಿದ್ದಾರೆ ಅಂದುಕೊಳ್ಳಬೇಕು. ಕೆಲವು ದಿನ ಅದೂ ನಿಜವೇ.

ಈ ಸಲ ಹಲಸಿನ ಕಾಲದಲ್ಲಿ ನಾದಿನಿ ಜೀಪಿನಲ್ಲಿ ಒಂದು ಭಾರಿ ಹಣ್ಣು ಹಾಕಿಕೊಂಡು ಬಂದರು. ವಾಸನೆಗೆ ಇಡೀ ಬಂಗಲೆ ಎದ್ದು ಕೂತಿತು. ಥೆರಪಿಸ್ಟಿಗೆ ಫೋನು ಮಾಡಿದರೆ, ನಾರಿನ ಹಣ್ಣು, ಬೇಡವೇ ಬೇಡ ಅಂದಳು. ಅಮ್ಮೋರು ಫೋನು ಕಿತ್ತುಕೊಂಡು ಮಾತಾಡಿದರು. ಸಾಹುಕಾರರು, ಇದು ಕೋಳಿಯಲ್ಲ, ತಮಗೂ ಹಕ್ಕಿದೆ ಅಂತ ಮಾತಾಡಿದರು. ಕೊನೆಗೆ ಆ ಹುಡುಗಿ, ತಾನು ಬಂದು ನೋಡುವವರೆಗೆ ಯಾರೂ ಬಾಯಿಗಿಡಕೂಡದು ಅನ್ನುವ ಕರಾರಿನ ಮೇಲೆ ಒಪ್ಪಿದಳು. ತೊಳೆ ಬಿಡಿಸಿ, ಬೇಯಿಸಿ, ರುಬ್ಬಿ, ಜರಡಿಯಲ್ಲೊಮ್ಮೆ ಬಟ್ಟೆಯಲ್ಲೊಮ್ಮೆ ಸೋಸಿ, ಬೆಲ್ಲ ಹಾಕಿ ಕಾಯಿಸಿ, ತೆಂಗಿನ ಹಾಲು ಬೆರೆಸುವಷ್ಟರಲ್ಲಿ ಸಂಜೆಯಾಯಿತು. ಅಷ್ಟು ದೊಡ್ಡ ಹಣ್ಣಿನಿಂದ ಬಂದದ್ದು ನಾಲ್ಕು ಸಣ್ಣ ಬಟ್ಟಲು ಪಾಯಸ. ಆ ಹುಡುಗಿ ಬಂದು ನೋಡಿ ಸರಿ ಅಂದ ಮೇಲೆ ನಾಲ್ವರೂ ಒಂದೊಂದೇ ಚಮಚ, ಬಟ್ಟಲಿನ ತಳ ಕಾಣುವವರೆಗೆ ತಿಂದರು. ನನ್ನ ಮೊಣಕೈಯವರೆಗೆ ಹಲಸಿನ ಮೇಣ.

ಮನೆಗೆ ಬಂದು ಕೊಬ್ಬರಿ ಎಣ್ಣೆ ಹಚ್ಚಿ ಮೇಣ ಉಜ್ಜುತ್ತಿದ್ದೆ. ಗಂಡ ಮೂಗು ಅರಳಿಸಿಕೊಂಡು ಬಂದರು.

"ಹಲಸಿನ ಪಾಯಸ ಮಾಡಿದ್ಯಾ? ನಂಗೆಲ್ಲಿ?"

"ನಿಮಗೆ ಹಲ್ಲಿದೆಯಲ್ಲ" ಅಂತ, ಎತ್ತಿಟ್ಟುಕೊಂಡು ಬಂದಿದ್ದ ತೊಳೆಗಳ ಡಬ್ಬಿಯನ್ನು ಅವರ ಕೈಗೆ ಕೊಟ್ಟೆ. ಅವರು ಅಲ್ಲೇ ಮೆಟ್ಟಿಲ ಮೇಲೆ ಕೂತು, ಬೀಜ ಒಂದು ಕಡೆ ಹಾಕುತ್ತಾ, ಕಚಕಚ ಅಗಿದು ತಿಂದರು. ನಾನು ಎಣ್ಣೆಯ ಕೈ ಹಾಗೇ ಬಿಟ್ಟು ನೋಡುತ್ತಾ ಕೂತೆ.